ನಾಲ್ಕು ರಾಜರ ಆಳು

ಸೊಕ್ ಹಾನ್ ಸತ್ತ ಗಂಡನಿಗೆಂದು ನಾಲ್ಕು ಕಾಗದದ ಆಳುಗಳನ್ನು ಮಾಡಿ ಸುಟ್ಟಳು. ಸ್ವಲ್ಪ ದಿನಕ್ಕೆ, ಗಂಡನೇ ಆ ನಾಲ್ವರಿಗೆ ಆಳಾಗಿದ್ದಾನೆ ಎಂಬ ಸುದ್ದಿ ಬಂತು.

ಸುದ್ದಿ ತಂದವಳು ಅದೇ ಕಟ್ಟಡದ ಕೆಳಗಿನ ಉಪ್ಪುಮೀನಿನ ಅಂಗಡಿಯ ಮುಯಿ. ಅವಳಿಗೆ ಕನಸು ಬಿದ್ದಿತ್ತು. ಮಕಾವಿನ ಹಗ್ಗದ ಓಣಿಯಲ್ಲಿ ಸತ್ತವರಿಗೆ ಏನಾದರೂ ಬೇಕಿದ್ದರೆ ಕನಸಿನಲ್ಲಿ ಬಂದು ಕೇಳುತ್ತಾರೆ. ಅದು ಹೊಸದಲ್ಲ. ಆದರೆ ಕಟ್ಟಿಕೊಂಡವಳನ್ನು ಬಿಟ್ಟು ಮೀನು ಮಾರುವವಳ ಕನಸಿಗೆ ಹೋದವನನ್ನು ಓಣಿ ಕಂಡಿರಲಿಲ್ಲ. ಸೊಕ್ ಹಾನ್‌ಗೆ ಚುಚ್ಚಿದ್ದು ಅದು.

ಗಂಡ ಸತ್ತಾಗಿನಿಂದ ಅವಳು ಕಾದದ್ದು ಒಂದಕ್ಕೇ. ಅವನು ಕನಸಿಗೆ ಬರಬೇಕು. ಮಾತಾಡದಿದ್ದರೂ ಸರಿ, ಎದುರಿಗೆ ಕೂತರೆ ಸಾಕು. ಅವನು ಬಂದಿರಲಿಲ್ಲ.

ಅವಳು ಹುಟ್ಟಿದ್ದು ಪಟಾಕಿ ಕಟ್ಟುವವರ ಮನೆಯಲ್ಲಿ. ಮನೆಯವರೆಲ್ಲ ಕೂತು ಬತ್ತಿ ಹೊಸೆಯುತ್ತಿದ್ದರು. ಅವಳೂ ಹೊಸೆದಳು. ಶಾಲೆಯಲ್ಲಿ ತನ್ನ ಹೆಸರು ಬರೆಯುವಷ್ಟು ಕಲಿತಳು, ಬಿಟ್ಟಳು. ಪಟಾಕಿ ಕಾರ್ಖಾನೆ ಮುಚ್ಚುವ ಹೊತ್ತಿಗೆ ಮದುವೆಯಾಗಿತ್ತು. ಗಂಡ ಕುವಾನ್ ವೆಂಗ್ ಫೈ. ಸತ್ತವರಿಗೆ ಸುಡುವ ಕಾಗದದ ಸಾಮಾನು ಮಾಡುವವನು. ಮನೆ, ಕಾರು, ಟಿ.ವಿ., ಹಲ್ಲುಸೆಟ್ಟು, ಆಳುಕಾಳು. ಇಲ್ಲಿ ಸುಟ್ಟದ್ದು ಅಲ್ಲಿ ಸಿಗುತ್ತದೆ. ಅವಳು ಅಂಟು ಕಾಯಿಸುತ್ತಿದ್ದಳು, ಬಿದಿರು ಸೀಳಿ ಕೊಡುತ್ತಿದ್ದಳು. ಮುಖ ಬರೆಯುವುದು ಅವನ ಕೆಲಸ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಊರಿನಲ್ಲಿ ಕ್ಯಾಸಿನೊಗಳು ಹೆಚ್ಚಿದವು. ಅಲ್ಲಿ ಆಡಿಬಿಟ್ಟ ಇಸ್ಪೀಟು ಎಲೆಗಳನ್ನು ಮತ್ತೆ ಮೇಜಿಗೆ ತರುವುದಿಲ್ಲ. ನಡುವೆ ತೂತು ಹೊಡೆದು ಆಚೆ ಹಾಕುತ್ತಾರೆ. ಫೈಗೆ ಆ ಎಲೆಗಳ ಹುಚ್ಚು ಹಿಡಿಯಿತು. ಜೀವಮಾನದಲ್ಲಿ ಒಂದು ಆಟ ಆಡಿದವನಲ್ಲ, ಚೀಲಗಟ್ಟಲೆ ಎಲೆ ಹೊತ್ತು ತಂದ. ಕಳಾವರ್ ಎಂಟನ್ನು ಸುತ್ತಿ ಕುರಿ ಮಾಡಿದ, ಕಪ್ಪು ಗುರುತೇ ಅದಕ್ಕೆ ಉಣ್ಣೆ. ಡೈಮನ್ ಒಂಬತ್ತನ್ನು ಉಬ್ಬಿಸಿ ಹೊಟ್ಟೆಬಾಕ ಅಡುಗೆಯವನನ್ನು ಮಾಡಿದ. ಇಸ್ಪೀಟು ಎಕ್ಕವನ್ನು ಮೂಗಾಗಿ ಅಂಟಿಸಿ ಪೊಲೀಸಿನವನನ್ನು ಮಾಡಿದ. ಬೆಕ್ಕು ಮಾಡಿ ಅದರ ಬಾಲವನ್ನು ತೂತಿನೊಳಗಿಂದ ಎಳೆದ. ಸಾವಿನ ಮನೆಯವರು ಮೊದಮೊದಲು ಬೈದರು. ಆಮೇಲೆ ಅವರೇ ಬಂದು, ನಮ್ಮಪ್ಪನಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ, ಆ ಬೆಕ್ಕು ಕೊಡಿ ಎಂದು ಕೇಳಿದರು.

ಹೀಗಿದ್ದವನು ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತಾ ಬಟ್ಟಲು ಕೆಳಗಿಟ್ಟ. ಮತ್ತೆ ಎತ್ತಲಿಲ್ಲ.

ಓಣಿಯ ಸತ್ತವರಿಗೆಲ್ಲ ಆಳು ಮಾಡಿ ಕಳಿಸಿದವನಿಗೆ ಬೇರೆ ಅಂಗಡಿಯ ಆಳು ಕೊಳ್ಳುವುದು ಸೊಕ್ ಹಾನ್‌ಗೆ ಸರಿಬರಲಿಲ್ಲ. ತಾನೇ ಮಾಡುತ್ತೇನೆ ಎಂದಳು. ಬಿದಿರು ಸೀಳಿದಳು, ಅಂಟು ಕಾಯಿಸಿದಳು, ಮೈಕೈ ಕಟ್ಟಿದಳು. ಮುಖ ಬರೆಯಲು ಬರಲಿಲ್ಲ. ಬರೆದದ್ದೆಲ್ಲ ಆಲೂಗಡ್ಡೆಯಾಯಿತು. ಕೊನೆಗೆ ಚೀಲಕ್ಕೆ ಕೈಹಾಕಿ, ಮುಖ ಇದ್ದ ಎಲೆಗಳನ್ನೇ ತೆಗೆದಳು. ಗುಲಾಮರಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಇವರು ನೀರು ಹೊರುತ್ತಾರೆಯೇ ಎಂದು ಆಚೆ ಇಟ್ಟಳು. ರಾಜರು ಗಡ್ಡ ಬಿಟ್ಟು ಗಟ್ಟಿಯಾಗಿ ಕಂಡರು. ನಾಲ್ಕು ರಾಜರನ್ನು ಆರಿಸಿದಳು. ಇಸ್ಪೀಟಿನವನು, ಆಟೀನಿನವನು, ಕಳಾವರಿನವನು, ಡೈಮನ್ನಿನವನು.

ಎಲೆಯ ಮೇಲಿನ ಪ್ರತಿ ರಾಜನಿಗೂ ಮೇಲೊಂದು ತಲೆ, ಕೆಳಗೊಂದು ತಲೆ. ನಡುವೆ ಕತ್ತರಿಸೋಣ ಎಂದು ಕತ್ತರಿ ಹಿಡಿದಳು. ಹೊಸ ವಿಧವೆ, ಯಾರ ಕುತ್ತಿಗೆ ಯಾಕೆ ಕತ್ತರಿಸಲಿ ಎನಿಸಿತು. ಕೆಳಗಿನ ತಲೆಯ ಮೇಲೆ ಕಾಗದದ ಪೈಜಾಮ ಅಂಟಿಸಿ ಮುಚ್ಚಿದಳು. ಕಾಣುವುದಿಲ್ಲವಲ್ಲ, ಆಯಿತು.

ಆಳನ್ನು ಸುಡುವ ಮೊದಲು ಹೆಸರಿಡಬೇಕು, ಕಿವಿಯಲ್ಲಿ ಕೆಲಸ ಹೇಳಬೇಕು. ಹೇಳದಿದ್ದರೆ ಅಲ್ಲಿ ಹೋಗಿ ಸುಮ್ಮನೆ ಕೂರುತ್ತಾರೆ. ಅವಳು ಬಾಲ್ದಿ, ಪೊರಕೆ, ಛತ್ರಿ, ಚಪ್ಪಲಿ ಎಂದು ಹೆಸರಿಟ್ಟಳು. ಹೆಸರೇ ಕೆಲಸ, ಮರೆಯುವ ಹಾಗಿಲ್ಲ. ಸುಟ್ಟಳು. ಚೆನ್ನಾಗಿ ಉರಿದವು. ತನ್ನ ಕೈಯಲ್ಲೂ ಏನೋ ಇದೆ ಎಂದುಕೊಂಡಳು.

ಆಮೇಲೆ ಮುಯಿ ಬಂದಳು.

“ಹಾನ್ ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಫೈ ಅಣ್ಣ ನನ್ನ ಕನಸಿಗೆ ಬಂದಿದ್ರು. ಕೈಯಲ್ಲಿ ಪಾತ್ರೆ ಉಜ್ಜೋ ನಾರು ಹಿಡ್ಕೊಂಡಿದ್ರು.”

ಮುಯಿ ಹೇಳಿದ್ದು ಇಷ್ಟು. ರಾಜರು ಕೆಲಸ ಮುಟ್ಟುವುದಿಲ್ಲ. ನಾಲ್ಕು ಕುರ್ಚಿ ಹಿಡಿದು ಕೂತಿದ್ದಾರೆ. ಫೈ ಚಹಾ ಸೋಸಿ ಕೊಡಬೇಕು. ಒಬ್ಬೊಬ್ಬನಿಗೆ ಎರಡು ಬಟ್ಟಲು, ಯಾಕೆಂದರೆ ಮೇಲಿನ ಬಾಯಿ ಕುಡಿದ ಕೂಡಲೇ ಪೈಜಾಮದೊಳಗಿಂದ ಇನ್ನೊಬ್ಬ ನನಗೆಲ್ಲಿ ಎನ್ನುತ್ತಾನೆ. ಕ್ಯಾಸಿನೊದವರು ಹೊಡೆದ ತೂತು ಹೊಟ್ಟೆಯ ನಡುವೆ ಹಾಗೇ ಇದೆ. ಎಷ್ಟು ಸುರಿದರೂ ಆಚೆ ಹೋಗುತ್ತದೆ.

“ನನ್ನ ಬಗ್ಗೆ ಏನಂದ?” ಎಂದು ಸೊಕ್ ಹಾನ್ ಕೇಳಿದಳು.

“ಅವಳಿಗೆ ಅಂಟು ಕಾಯಿಸೋದು ಬಿಟ್ರೆ ಏನೂ ಬರಲ್ಲ ಅಂದ್ರು.”

ಸೊಕ್ ಹಾನ್‌ಗೆ ಅನುಮಾನ ಉಳಿಯಲಿಲ್ಲ. ಅದು ಅವನದೇ ಮಾತು.

ಮರುದಿನ ಭಾವ ಬಂದ. ಫೈನ ಅಣ್ಣ ತೋಕ್, ಬಂದರಿನಲ್ಲಿ ದೋಣಿ ಕಟ್ಟಲು ಹಗ್ಗ ಎಸೆಯುತ್ತಿದ್ದವನು, ಈಗ ಪಕ್ಕದ ಓಣಿಯ ಮೂಲೆಮನೆಯಲ್ಲಿ ಇರುತ್ತಾನೆ. ಅವನಿಗೂ ಕನಸು ಬಿದ್ದಿತ್ತು. ತಮ್ಮ ಒಬ್ಬ ರಾಜನ ಗಡ್ಡ ಬಾಚುತ್ತಿದ್ದನಂತೆ. ಕೆಳಗಿನ ಗಡ್ಡ ಬಾಚಲು ರಾಜನನ್ನು ತಲೆಕೆಳಗಾಗಿ ನಿಲ್ಲಿಸಬೇಕಾಗಿತ್ತಂತೆ.

“ರಾಜನಿಗೆ ಚಪ್ಪಲಿ ಅಂತ ಹೆಸರಿಡ್ತಾರೇನಮ್ಮಾ?” ಎಂದು ತೋಕ್ ಕೇಳಿದ. “ಅವನಿಗೆ ಸಿಟ್ಟು ಬರದೆ ಇರುತ್ತಾ? ನಿನ್ನ ಮೇಲಿನ ಸಿಟ್ಟನ್ನ ನನ್ನ ತಮ್ಮನ ಮೇಲೆ ತೀರಿಸ್ಕೋತಿದಾನೆ.”

ಕ್ಷೌರದಂಗಡಿಯ ಲೋಂಗ್‌ಗೂ ಕನಸು ಬಿತ್ತು. ಫೈ ಅವನ ಹತ್ತಿರ ಬಾಚಣಿಗೆ ಕೇಳಿ ಹೋಗಿದ್ದ. ಎಂದೂ ಮುಖ ಕೊಟ್ಟು ಮಾತಾಡದ ಗಂಜಿ ಅಂಗಡಿಯವನ ಕನಸಿಗೂ ಹೋಗಿದ್ದ. ಸೊಕ್ ಹಾನ್ ಓಣಿಯಲ್ಲಿ ತಲೆತಗ್ಗಿಸಿ ನಡೆದಳು. ರಾಜರ ವಿಷಯಕ್ಕೆ ಅಲ್ಲ. ಎಲ್ಲರ ಮನೆಗೂ ಹೋಗುವವನು ತನ್ನ ಮನೆಗೆ ಬರುವುದಿಲ್ಲ ಎಂಬುದಕ್ಕೆ. ದಿನಾ ಬೇಗ ಮಲಗುತ್ತಿದ್ದಳು, ಅವನ ಕಡೆಯ ದಿಂಬು ಸರಿಮಾಡಿ. ಏನೂ ಬೀಳುತ್ತಿರಲಿಲ್ಲ. ಒಂದು ಸಲ ಕನಸು ಬಿತ್ತು, ಹಂದಿಮಾಂಸದ ಅಂಗಡಿಯ ತಕ್ಕಡಿ ಬಂತು. ಅದೂ ಸುಮ್ಮನೆ ಇತ್ತು.

ತಪ್ಪು ತನ್ನದು, ಸರಿಮಾಡಿದರೆ ಬರುತ್ತಾನೆ ಎಂದುಕೊಂಡಳು. ಚೀಲ ಬಿಚ್ಚಿದಳು. ಈ ಸಲ ಸಣ್ಣ ಎಲೆಗಳನ್ನೇ ತೆಗೆದಳು. ಆಟೀನ್ ಎರಡರಲ್ಲಿ ಅಗಸರವಳನ್ನು ಮಾಡಿದಳು, ಕೆನ್ನೆಗೊಂದು ಕೆಂಪು. ಡೈಮನ್ ನಾಲ್ಕರಲ್ಲಿ ಅಡುಗೆಯವನು. ಕಳಾವರ್ ಮೂರರಲ್ಲಿ ಕ್ಷೌರಿಕ, ಮೂರೂ ಗುರುತು ಅವನ ತಲೆಯ ಮೇಲೆ ಗುಂಗುರು ಕೂದಲಾದವು. ಇಸ್ಪೀಟು ಐದರಲ್ಲಿ ಚಹಾ ಕೊಡುವವನು. ಮುಖ ಆಲೂಗಡ್ಡೆಯೇ ಇರಲಿ ಎಂದು ತಾನೇ ಬರೆದಳು. ಆಲೂಗಡ್ಡೆ ಕುರ್ಚಿ ಕೇಳುವುದಿಲ್ಲ. ರಾಜರನ್ನು ನೋಡಿಕೊಳ್ಳಿ, ನಮ್ಮವನನ್ನು ಬಿಡಿ ಎಂದು ಎಲ್ಲರ ಕಿವಿಯಲ್ಲೂ ಹೇಳಿ ಸುಟ್ಟಳು.

ತೋಕ್ ಮತ್ತೆ ಬಂದ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಮತ್ತೆ ಕನಸು ಬಿದ್ದಿದೆ. ಹೊಸಬರು ತಲುಪಿದ್ದಾರೆ, ಒಳ್ಳೆಯ ಕೆಲಸಗಾರರು. ಆದರೆ ಅವರೆಲ್ಲ ಒಂದೇ ಕಟ್ಟಿನ ಎಲೆಗಳು, ರಾಜರ ಕಡೆಯವರು. ಫೈನನ್ನು ಯಾರೋ ಹೊರಗಿನವನು ಎಂದು ತಿಳಿದಿದ್ದಾರೆ. ಈಗ ಅವನು ಅಡುಗೆಯವನ ಪಾತ್ರೆಯನ್ನೂ ತೊಳೆಯುತ್ತಾನೆ. ಅಗಸರವಳು ಅವನ ಅಂಗಿಯನ್ನು ಮಾತ್ರ ಒಗೆಯುವುದಿಲ್ಲ.

ಓಣಿಯವರು ಸಲಹೆ ಕೊಡಲು ನಿಂತರು. ರಾಣಿಯರನ್ನು ಕಳಿಸಿ, ರಾಜರು ಹದ್ದುಬಸ್ತಿನಲ್ಲಿರುತ್ತಾರೆ ಎಂದ ಲೋಂಗ್. ರಾಣಿಯರಿಗೂ ಎರಡೆರಡು ತಲೆ ಎಂದು ಮುಯಿ ನೆನಪಿಸಿದಳು. ಜೋಕರನ್ನು ಕಳಿಸಿದರೆ ಎಲ್ಲರನ್ನೂ ಹೊಡೆದು ಹಾಕುತ್ತಾನೆ ಎಂದು ಗಂಜಿ ಅಂಗಡಿಯವನು ಹೇಳಿದ. ಸೊಕ್ ಹಾನ್ ಯಾವುದಕ್ಕೂ ಒಪ್ಪಲಿಲ್ಲ. ಕತ್ತರಿ ಒಳಗಿಟ್ಟಳು. ಮುಯಿಯನ್ನು ಒಂದು ಕಡೆ ಕರೆದಳು.

“ಇನ್ನೊಂದ್ಸಲ ಬಂದ್ರೆ ಒಂದು ಮಾತು ಕೇಳು. ರಾಜರ ಕಥೆ ಬೇಡ. ನನ್ನ ಮನೆಗೆ ಯಾಕೆ ಬರಲ್ಲ ಅಂತ ಕೇಳು.”

“ಏನಾದ್ರೂ ಖಾರವಾಗಿ ಹೇಳಿಬಿಟ್ರೆ?”

“ಖಾರವಾಗೇ ತಂದು ಹೇಳು.”

ಮುಯಿ ಎರಡು ದಿನ ತಪ್ಪಿಸಿಕೊಂಡು ತಿರುಗಿದಳು. ಮೂರನೆಯ ದಿನ ಸೊಕ್ ಹಾನ್ ಅಂಗಡಿಯ ಮುಂದೆ ಹೋಗಿ ನಿಂತಳು. ಗಿರಾಕಿಗಳಿದ್ದರು. ಮುಯಿ ಮೀನಿನ ಮೇಲಿನ ಉಪ್ಪು ಒದರುತ್ತಾ, ತಲೆ ಎತ್ತದೆ ಹೇಳಿದಳು.

“ಮೆಟ್ಟಿಲು, ಅತ್ತಿಗೆ.”

“ಏನು ಮೆಟ್ಟಿಲು?”

“ಐದು ಅಂತಸ್ತು ಹತ್ತೋಕಾಗಲ್ಲ ಅಂದ್ರು. ಮಂಡಿ ನೋವು ಹಾಗೇ ಇದೆಯಂತೆ, ಸತ್ತರೂ ಹೋಗಿಲ್ಲವಂತೆ. ಅದರ ಮೇಲೆ ಆ ರಾಜರಿಗೆ ನಡೆಯೋಕೆ ಬರಲ್ಲ. ಕಾಲಿರೋ ಕಡೆ ತಲೆ ಇದೆಯಲ್ಲ. ಎಲ್ಲಿಗೆ ಹೋದ್ರೂ ನಾಲ್ಕು ಜನಾನೂ ಹೊತ್ಕೊಂಡೇ ಹೋಗ್ಬೇಕು, ಒಬ್ಬನೇ ಹೊರಡೋಕೆ ಬಿಡಲ್ಲ. ಮೂರ್ನಾಲ್ಕು ಸಲ ಬಂದಿದ್ರಂತೆ. ಎರಡನೇ ಅಂತಸ್ತಿನವರೆಗೂ ಹತ್ತಿ ಕೂತು, ಉಸಿರು ಸಿಗದೆ ವಾಪಸ್ಸು ಇಳಿದ್ರಂತೆ.”

ಸೊಕ್ ಹಾನ್ ಅಲ್ಲೇ ಮೀನಿನ ಪೆಟ್ಟಿಗೆಯ ಮೇಲೆ ಕೂತಳು. ಅವನು ಹೋಗಿದ್ದ ಮನೆಗಳನ್ನೆಲ್ಲ ಒಂದೊಂದಾಗಿ ನೆನೆದಳು. ಮುಯಿ ಅಂಗಡಿಯ ಹಿಂದೆಯೇ ಮಲಗುತ್ತಾಳೆ. ತೋಕ್‌ನ ಮನೆ ಮೂಲೆಯಲ್ಲಿ, ಹೊಸ್ತಿಲು ದಾಟಿದರೆ ಮಂಚ. ಲೋಂಗ್ ತನ್ನ ಕ್ಷೌರದ ಕುರ್ಚಿಯಲ್ಲೇ ಮಲಗುವವನು. ಗಂಜಿ ಅಂಗಡಿಯವನದೂ ನೆಲಮಹಡಿಯೇ. ಮೆಟ್ಟಿಲು ಹತ್ತುವ ಮನೆಯ ಯಾರಿಗೂ ಕನಸು ಬಿದ್ದಿರಲಿಲ್ಲ.

ಅವಳು ಅತ್ತಳು. ಮೊದಲ ಸಲ ಬೀದಿಯಲ್ಲಿ ಅತ್ತಳು. ಗಿರಾಕಿಯೊಬ್ಬ ಮೀನು ಕೆಟ್ಟಿದ್ದಕ್ಕೆ ಅಳುತ್ತಿದ್ದಾಳೇನೋ ಎಂದು ಚೀಲ ವಾಪಸ್ಸು ಇಟ್ಟು ಹೋದ.

ತೋಕ್‌ಗೆ ವಿಷಯ ಗೊತ್ತಾದ ಕೂಡಲೇ ಲಿಫ್ಟ್ ಮಾಡಿ ಸುಡು ಎಂದ. ಎಲೆಗಳಿಂದ ಡಬ್ಬಿ ಕಟ್ಟಿ, ದಾರ ಬಿಟ್ಟು, ಗುಂಡಿ ಅಂಟಿಸಿದರೆ ಆಯಿತು. ಗುಂಡಿ ಒತ್ತಲು ಒಬ್ಬ ಆಳನ್ನೂ ಒಳಗೆ ನಿಲ್ಲಿಸು ಎಂದ.

“ಭಾವಾ, ಸುಟ್ಟ ಲಿಫ್ಟು ಅಲ್ಲಿಗೆ ಹೋಗುತ್ತೆ,” ಎಂದಳು ಸೊಕ್ ಹಾನ್. “ಅಲ್ಲಿ ಮೇಲೆ ಕೆಳಗೆ ಓಡಾಡುತ್ತೆ. ಹತ್ತೋಕಾಗದೆ ಇರೋದು ನಮ್ಮ ಮೆಟ್ಟಿಲು. ಅದು ಇಲ್ಲೇ ಇದೆ.”

“ಹಾಗಾದ್ರೆ ಈ ಕಟ್ಟಡಾನೇ ಸುಡ್ಬೇಕು.”

“ಮೂರನೇ ಅಂತಸ್ತಿನವರನ್ನ ಕೇಳಿ ನೋಡಿ.”

ಅವಳು ಮೇಲೆ ಹೋದಳು. ತೋಕ್ ಕೆಳಗೇ ನಿಂತಿದ್ದ, ಇನ್ನೇನು ಯೋಚಿಸಬಹುದೆಂದು. ಸ್ವಲ್ಪ ಹೊತ್ತಿಗೆ ಅವಳು ದಿಂಬು, ಚಾಪೆ, ಚಹಾದ ಕುಡಿಕೆ, ಒಂದೇ ಒಂದು ಬಟ್ಟಲು ಹಿಡಿದು ಇಳಿದು ಬಂದಳು. ಅಂಗಡಿಯ ಹಿಂದಿನ ಮಂಚ ಬಿಟ್ಟುಕೊಡಲು ಮುಯಿಯನ್ನು ಕೇಳಿದಳು.

ತೋಕ್‌ಗೆ ನಾಚಿಕೆಯಾಯಿತು. ಕುವಾನ್ ಮನೆತನದ ವಿಧವೆ ಹಾಡುಹಗಲು ಉಪ್ಪುಮೀನಿನ ಪಕ್ಕ ಮಲಗುವುದೇ ಎಂದ. ಜನ ಏನೆಂದುಕೊಂಡಾರು ಎಂದ. ಅವಳು ಚಾಪೆ ಹಾಸುತ್ತಲೇ ಇದ್ದಳು.

“ಅವನು ಎರಡನೇ ಅಂತಸ್ತಿನಲ್ಲಿ ಕೂತು ಏದುಸಿರು ಬಿಟ್ಟಾಗ ನಾನು ಮೇಲೆ ಮಲಗಿ ಅವನನ್ನ ಬೈತಿದ್ದೆ,” ಎಂದಳು. “ಇನ್ನು ಜನ ಏನಾದ್ರೂ ಅಂದ್ಕೊಳ್ಳಲಿ.”

ತೋಕ್ ಅಂಗಡಿಯ ಬಾಗಿಲಿನಲ್ಲಿ ಸ್ಟೂಲ್ ಹಾಕಿಕೊಂಡು ಕಾವಲು ಕೂತ. ಜೋರಾಗಿ ಚೌಕಾಸಿ ಮಾಡಿದವರಿಗೆ ಮೆಲ್ಲಗೆ ಮಾತಾಡಿ ಎಂದ. ಒಳಗೆ ಯಾರಾದರೂ ಕಾಯಿಲೆಯೇ ಎಂದು ಒಬ್ಬಳು ಕೇಳಿದಳು. ಇಲ್ಲ, ನೆಂಟರು ಬರುವವರಿದ್ದಾರೆ ಎಂದ.

ಕುಡಿಕೆಯಲ್ಲಿ ಚಹಾ ಬಿಸಿಯಾಗಿರುವಾಗಲೇ ಸೊಕ್ ಹಾನ್‌ಗೆ ನಿದ್ದೆ ಹತ್ತಿತು.

ಅವನು ಬಂದ. ಹೆಗಲ ಮೇಲೆ ಇಬ್ಬರು ರಾಜರು, ಕಂಕುಳಲ್ಲಿ ಇಬ್ಬರು. ಅಂಗಿ ಕೊಳೆಯಾಗಿತ್ತು. ಹೊಸ್ತಿಲಲ್ಲಿ ನಿಂತು, ಒಳಗೆ ಬರಲೇ ಎನ್ನುವ ಹಾಗೆ ನೋಡಿದ. ಅವಳು ಎದ್ದು, ಒಬ್ಬೊಬ್ಬ ರಾಜನನ್ನೇ ಅವನ ಮೈಯಿಂದ ಇಳಿಸಿ ಮೀನಿನ ಪೆಟ್ಟಿಗೆಗಳಿಗೆ ಒರಗಿಸಿದಳು. ಆಟೀನಿನವನು ವಾಸನೆ ಎಂದ. ಅವಳು ಅವನನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ಫೈ ಮಂಚದ ತುದಿಯಲ್ಲಿ ಕೂತು ಕಾಲು ಚಾಚಿದ. ಅವಳು ಚಹಾ ಬಗ್ಗಿಸಿದಳು. ಇಸ್ಪೀಟು ರಾಜ ಬಾಯಿ ತೆರೆದ. ಪೈಜಾಮದೊಳಗಿಂದಲೂ ಏನೋ ಸದ್ದು ಬಂತು.

“ಬಾಲ್ದಿ, ನೀನು ಕಾಯಿ,” ಎಂದಳು ಸೊಕ್ ಹಾನ್.

ಬಟ್ಟಲನ್ನು ಗಂಡನ ಕೈಗೆ ಕೊಟ್ಟಳು. ಅವನು ಊದಿದ. ಕುಡಿದ. ರಾಜರು ನಾಲ್ವರೂ, ಎಂಟೂ ಬಾಯಿ ಮುಚ್ಚಿಕೊಂಡು ಕಾದರು. ಅವಳು ಅವನ ಎದುರಿಗೆ ಪೆಟ್ಟಿಗೆಯ ಮೇಲೆ ಕೂತು ನೋಡಿದಳು. ಕಿವಿಯ ಹಿಂದೆ ಅಂಟು ಒಣಗಿ ಹತ್ತಿತ್ತು, ಯಾವತ್ತೂ ಇರುತ್ತಿದ್ದ ಹಾಗೆ.

ಎಚ್ಚರವಾದಾಗ ಸಂಜೆಯ ಬಿಸಿಲು ಅಂಗಡಿಯ ಒಳಗಿನವರೆಗೆ ಬಂದಿತ್ತು. ತೋಕ್ ಬಾಗಿಲಿನಲ್ಲೇ ತೂಕಡಿಸುತ್ತಿದ್ದ. ಮುಯಿ ತಕ್ಕಡಿ ಬಿಟ್ಟು ಓಡಿ ಬಂದಳು.

“ಬಂದಿದ್ರಾ? ಏನಂದ್ರು ಅತ್ತಿಗೆ?”

“ಬಿಸಿ ಇದೆ ಅಂದ.”

“ಅಷ್ಟೇನಾ?”

“ಅಷ್ಟೇ,” ಎಂದಳು ಸೊಕ್ ಹಾನ್. ಚಾಪೆ ಸುತ್ತಿ ಪೆಟ್ಟಿಗೆಗಳ ಹಿಂದೆ ಇಟ್ಟಳು. “ನಾಳೆ ಇಲ್ಲಿ ಮೀನು ಒಣಗಿಸ್ಬೇಡ. ಒಬ್ಬನಿಗೆ ವಾಸನೆ ಆಗಲ್ಲ.”