ಗಂಗವ್ವನಿಗೆ ಮುಟ್ಟದ ಉಡಿ

ಕೊಣ್ಣೂರಿನ ಹೊರಗಿನ ಆ ಕೆರೆ ದೇವರು ಕೊಟ್ಟದ್ದಲ್ಲ, ಮನುಷ್ಯರು ತೋಡಿದ್ದು. ಗುಡ್ಡದ ಮಳೆನೀರು ಹೊಸ ಓಣಿಗಳಿಗೆ ನುಗ್ಗದಿರಲೆಂದು ಕಟ್ಟಿಸಿ, ಸುತ್ತ ಗಿಡ ಹಚ್ಚಿ, ಕಲ್ಲಿನ ಬೆಂಚು ಹಾಕಿಸಿದ್ದರು. ನಾವು ಅದಕ್ಕೆ ಬಾಗ ಎನ್ನುತ್ತಿದ್ದೆವು. ನೀರಿಗಿಳಿಯುವ ಅದರ ಪಾವಟಿಗೆಗಳಿಗೆ ಕಲ್ಲು ಕೂಡಿಸಿದವನು ನಮ್ಮಪ್ಪ. ಕೆರೆಗೆ ಹನಿ ನೀರು ಬರುವ ಮೊದಲೇ ಜ್ವರ ಬಂದು ತೀರಿಕೊಂಡ.

ಆ ಮಳೆಗಾಲದಲ್ಲೇ ಕೆರೆ ತುಂಬಿತು. ತುಂಬಿದ ಕೆರೆಯೆಂದರೆ ನಮ್ಮ ಕಡೆ ಗಂಗವ್ವ ಬಸುರಿ ಇದ್ದ ಹಾಗೆ, ನೀರಿಗೆ ಬಾಗಿನ ಬಿಟ್ಟು ಅವಳ ಉಡಿ ತುಂಬಬೇಕು. ಓಣಿಯ ಮುತ್ತೈದೆಯರೆಲ್ಲ ಹೊರಟರು. ಗಂಡ ಸತ್ತ ಅವ್ವನನ್ನು ಯಾರು ಕರೆಯುತ್ತಾರೆ? ಅವಳು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. ನನಗಾಗ ಹತ್ತು ವರ್ಷ.

"ಯಾರದಂತ ಕೇಳಿದ್ರ ನಿಮ್ಮ ಕಾಕೂಂದು ಅನ್ನು, ಆಕಿ ಮುತ್ತೈದಿ. ನಿಮ್ಮಪ್ಪನ ಕೆರಿ ಅದು, ನಂದೂ ಒಂದು ಉಡಿ ಮುಟ್ಟಲಿ."

ಕೆರೆಯ ದಂಡೆಯಲ್ಲಿ ಹಿರಿಯ ಮುತ್ತೈದೆ ಕೇಳಿದಳು, "ಯಾರ ಉಡಿಯವ್ವಾ ಇದು?"

"ನಮ್ಮವ್ವಂದ್ರಿ" ಅಂದುಬಿಟ್ಟೆ.

"ಆಕಿದು ನಡಿಯಂಗಿಲ್ಲವ್ವಾ. ಮನಿಗೆ ಒಯ್ಯಿ."

ಮನೆಗೆ ಒಯ್ಯುವ ಎದೆ ನನಗಿರಲಿಲ್ಲ. ಅಕ್ಕಿಯನ್ನು ಗುಬ್ಬಿಗಳಿಗೆ ಚೆಲ್ಲಿದೆ, ಖಣವನ್ನು ಪೊದೆಗೆ ತುರುಕಿದೆ. ಕೊಬ್ಬರಿಯನ್ನು ಬೆಂಚಿನ ಮೇಲೆ ಕುಳಿತು ತಿಂದೆ. ಹಸಿವಾಗಿತ್ತು, ಸುಳ್ಳೇಕೆ ಹೇಳಲಿ. ಸುಳ್ಳನ್ನು ಅವ್ವನಿಗೆಂದು ಉಳಿಸಿಕೊಂಡಿದ್ದೆ.

ಮನೆಗೆ ಬಂದೊಡನೆ ಅವ್ವ ಕೇಳಿದಳು, "ಗಂಗವ್ವ ತಗೊಂಡ್ಳೇನ?"

"ಹೂಂ. ಗಕ್ಕನ ಮುಳುಗಿತು."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ಹೋದಮೇಲೆ ಅಂದು ಮೊದಲ ಸಲ ಹೊಟ್ಟೆತುಂಬ ಉಂಡಳು. ಆಮೇಲೆ ದಿನಾ ಮುಂಜಾನೆ ಬಾಗಕ್ಕೆ ಹೋಗಿ ನೀರಿನ ಹತ್ತಿರ ಕುಳಿತು ಬರುವಳು. ಅವಳ ಮುಖ ಗೆಲುವಾದಷ್ಟೂ ನಾನು ಆ ಖಣದ ಪೊದೆಯಿಂದ ದೂರ ಉಳಿಯುತ್ತಿದ್ದೆ.

ಮರುವರ್ಷ ಕೆರೆ ಮತ್ತೆ ತುಂಬಿತು. ಈ ಸಲ ಅವ್ವ ತಾನೇ ಗಂಟು ಹಿಡಿದು ಹೊರಟಳು. ಬೇಡವೆಂದು ಸೆರಗು ಜಗ್ಗಿದೆ, ಕೇಳಲಿಲ್ಲ. ನೀರಿನ ಬಳಿ ಹೆಂಗಸರು ಅಡ್ಡ ನಿಂತರು.

"ಹ್ವಾದ ವರ್ಷ ನಂದು ತಗೊಂಡಾಳ ಗಂಗವ್ವ. ಆಕಿಗಿಲ್ಲದ ತಕರಾರು ನಿಮಗ್ಯಾಕ್ರಿ? ನನ್ನ ಮಗಳನ್ನ ಕೇಳ್ರಿ!"

ಹಿರಿಯವಳು ಮೆಲ್ಲಗೆ, "ಅದನ್ನ ಹೊಳ್ಳಿ ಕಳಿಸಿದ್ವಿ, ತಂಗಿ" ಅಂದಳು.

ಅವ್ವ ನನ್ನ ಮುಖ ನೋಡಿದಳು. ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಪ್ಪನ ಪಾವಟಿಗೆಗಳನ್ನು ಒಂದೊಂದಾಗಿ ಹತ್ತಿ ಹೋದಳು.

ಆಮೇಲೆ ಬದುಕಿರುವತನಕ ಅವಳು ನನ್ನ ಕೈಯಲ್ಲಿ ಯಾರಿಗೂ ಏನನ್ನೂ ಕೊಟ್ಟು ಕಳಿಸಲಿಲ್ಲ.