ಕುರಿ ನಿಂತ ಕಲ್ಲಿಗೆ ಸುಣ್ಣದ ಬೊಟ್ಟು

ಬೆಳಗಿನ ಆರು ಗಂಟೆ. ಆಂಧ್ರದ ಗಡಿಯ ಹೊಳಗುಂದದ ಆಚೆ, ಪಾಳುಬಿದ್ದ ಕರೆಂಟಿನ ಮನೆಯ ಪಕ್ಕ, ಕಾಲುವೆಯ ನೀರು ಇಪ್ಪತ್ತಡಿ ಕೆಳಗಿನ ಬಂಡೆಗಳ ಮೇಲೆ ಧುಮುಕುತ್ತಿದೆ. ಸುಣ್ಣದ ಡಬ್ಬಿ ಹಿಡಿದು ನಿಂತಿರುವ ಕುರಿ ಕಾಯುವ ಲಿಂಗಕ್ಕನ ಕಣ್ಣೆಲ್ಲ ನೀರಿಗಿಳಿಯುವ ತಮ್ಮ ಕುರಿಗಳ ಕಾಲಿನ ಮೇಲೆ. ಮುಂದಿನ ಕುರಿ ಒಂದು ಕಲ್ಲಿನ ಮೇಲೆ ಗೊರಸಿಟ್ಟು, ಹಿಂದಕ್ಕೆ ತೆಗೆದು, ಪಕ್ಕದ ಕಲ್ಲಿಗೆ ಹೋಗುತ್ತದೆ. ಹಿಂದಿನ ನಲವತ್ತೈದೂ ಹಾಗೇ.

“ಅದು ಬಿಟ್ಟಿದ್ದು ಪಾಚಿ ಕಲ್ಲು. ಕುರಿ ನಿಂತಲ್ಲಿ ಮನಶ್ಯಾನೂ ನಿಂದ್ರಬೌದು. ಬೂಟು ಹಾಕ್ಕೊಂಡು ಬಂದವ್ರಿಗೆ ತಿಳಿಯಂಗಿಲ್ಲ, ಇವಕ್ಕ ತಿಳೀತೈತಿ,” ಎನ್ನುತ್ತಾರೆ.

ಕುರಿಗಳು ನೀರು ಕುಡಿದು ಮೇಲೆ ಬಂದವೆಂದರೆ ಲಿಂಗಕ್ಕನ ಕೆಲಸ ಶುರು. ಕೋಲಿನ ತುದಿಗೆ ಸುತ್ತಿದ ಬಟ್ಟೆಯನ್ನು ಸುಣ್ಣದಲ್ಲಿ ಅದ್ದಿ, ಅವು ನಿಂತ ಕಲ್ಲುಗಳಿಗೆ ಒಂದೊಂದು ಬೊಟ್ಟು ಇಡುತ್ತಾ ಹೋಗುತ್ತಾರೆ. ಕಟ್ಟಡದ ಮೆಟ್ಟಿಲಿನಿಂದ ಜಲಪಾತದ ಬುಡದವರೆಗೆ ಇವತ್ತು ಮೂವತ್ತೊಂದು ಬೊಟ್ಟು. ನಿನ್ನೆ ಇಪ್ಪತ್ತೇಳಿತ್ತು.

ಕರೆಂಟಿನ ಮನೆ ನಿಂತುಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಚಾವಣಿ ಇಲ್ಲ, ಟರ್ಬೈನಿನ ಗುಂಡಿಯಲ್ಲಿ ಬೇವಿನ ಗಿಡ. ಸುಣ್ಣದ ಡಬ್ಬಿಗೆ ಮನೆ ಹಳೆಯ ಮೇನ್ ಸ್ವಿಚ್ಚಿನ ಪೆಟ್ಟಿಗೆ. “ಕರೆಂಟು ಹೋದ್ರೇನು, ಬಾಗಿಲು ಇನ್ನಾ ಚಲೋ ಐತಿ,” ಎಂದು ನಗುತ್ತಾರೆ.

ಮೂರು ವರ್ಷದ ಹಿಂದೆ ಯಾರೋ ಇಲ್ಲಿಯ ರೀಲ್ಸ್ ಹಾಕಿದ್ದೇ ತಡ, ಆದವಾನಿಯಿಂದ, ಆಲೂರಿನಿಂದ ಜನ ಬರತೊಡಗಿದರು. ಭಾನುವಾರ ನೂರಕ್ಕೂ ಹೆಚ್ಚು ಬೈಕು. ದಿನಕ್ಕೊಬ್ಬರಾದರೂ ಜಾರುತ್ತಿದ್ದರು. ಅರವತ್ತರ ಲಿಂಗಕ್ಕನಿಗೆ ಈ ಕೆಲಸ ಯಾರೂ ಹೇಳಿದ್ದಲ್ಲ.

“ನಮ್ಮ ಕುರಿ ಕುಡಿಯೋ ನೀರಾಗ ಮಂದಿ ಬೀಳಾಕತ್ತಿದ್ರು. ನೋಡ್ಕೋತ ಹೆಂಗ ಕುಂದ್ರಲಿ?”

ಆದರೆ ಹೋದ ವರ್ಷ ಒಂದು ತಪ್ಪಾಯಿತು. ಆಲೂರಿನ ನೆಂಟರ ಮದುವೆ ಮುಗಿಸಿ ಲಿಂಗಕ್ಕ ತಡವಾಗಿ ಬಂದರು. ಗಂಡ ಮೂಕಪ್ಪ ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗಿದ್ದರು. ಎರಡು ದಿನದ ಹಿಂದಿನ ಬೊಟ್ಟುಗಳು ಮಸುಕಾಗಿ ಕಾಣುತ್ತಿದ್ದವು. ಅವುಗಳ ಮೇಲೇ ಸುಣ್ಣ ಹಚ್ಚಿಬಿಟ್ಟರು. ಆ ಎರಡು ದಿನದಲ್ಲಿ ನೀರು ಏರಿ ಇಳಿದು ಕಲ್ಲು ಸಡಿಲಾಗಿತ್ತು. ಒಂಬತ್ತನೇ ಬೊಟ್ಟಿನ ಮೇಲೆ ಕಾಲಿಟ್ಟ ಆದವಾನಿಯ ಡಿಗ್ರಿ ಹುಡುಗಿ ಸುಷ್ಮಾ ಬಿದ್ದು ಕೈ ಮುರಿದುಕೊಂಡಳು.

“ಆಕಿ ಕಲ್ಲು ನಂಬಿ ಕಾಲಿಡಲಿಲ್ಲ, ನನ್ನ ಸುಣ್ಣ ನಂಬಿ ಇಟ್ಳು.” ಇದನ್ನು ಹೇಳುವಾಗ ಲಿಂಗಕ್ಕ ನಗುವುದಿಲ್ಲ.

ಅಂದಿನಿಂದ ದಿನಾ ಸಂಜೆ ಎಲ್ಲ ಬೊಟ್ಟನ್ನೂ ಉಜ್ಜಿ ಅಳಿಸಿಯೇ ಮನೆಗೆ ಹೋಗುತ್ತಾರೆ. ಕುರಿ ಇಳಿಯದ ದಿನ ಸುಣ್ಣವೂ ಇಲ್ಲ. ಮೆಟ್ಟಿಲಿಗೆ ಜಾಲಿಮುಳ್ಳು ಅಡ್ಡ.

ಒಂಬತ್ತು ಗಂಟೆಗೆ ಎರಡು ಸ್ಕೂಟಿಗಳಿಂದ ನಾಲ್ವರು ಹುಡುಗಿಯರು ಇಳಿಯುತ್ತಾರೆ. ಅವರಲ್ಲೊಬ್ಬಳು ಸುಷ್ಮಾ. ಬಿದ್ದ ಮೇಲೆ ಬರುತ್ತಿರುವುದು ಇದೇ ಮೊದಲು. “ಅವ್ವಾ, ಇಕ್ಕಡ ನಡವಚ್ಚಾ?” ಇಲ್ಲಿ ನಡೆಯಬಹುದಾ ಎಂದು ಗೆಳತಿ ಶಿರೀಷಾ ತೆಲುಗಿನಲ್ಲಿ ಕೇಳುತ್ತಾಳೆ. ಲಿಂಗಕ್ಕನಿಗೆ ಅದು ಕೇಳಿಸಿದಂತಿಲ್ಲ. ಸುಷ್ಮಾಳ ಕೈಯನ್ನೇ ನೋಡುತ್ತಿದ್ದಾರೆ.

“ಎಲುಬು ಕೂಡೈತೇನವ್ವ?”

“ಕೂಡೈತಿ, ಅವ್ವಾ. ಮೋಡ ಆದ್ರ ಸ್ವಲ್ಪ ಜಗ್ತೈತಿ.” ಸುಷ್ಮಾ ಕಲ್ಲುಗಳ ಕಡೆ ನೋಡುತ್ತಾಳೆ. “ಇದು ಇವತ್ತಿನ ಸುಣ್ಣಾನಾ?”

“ಇವತ್ತಿಂದ. ನಲವತ್ತಾರೂ ಇಳದಾವು. ಕುಂಟ ಕುರೀನೂ.”

“ಕುಂಟ ಕುರಿಗಿಂತ ಕಡಿಮೀನಾ ನಾನು,” ಎನ್ನುತ್ತಾ ಸುಷ್ಮಾ ಚಪ್ಪಲಿ ಬಿಡುತ್ತಾಳೆ.

ಒಂದು, ಎರಡು, ಮೂರು. ಲಿಂಗಕ್ಕನ ತುಟಿ ಎಣಿಸುತ್ತಿದೆ. ಒಂಬತ್ತರ ಮುಂದೆ ಸುಷ್ಮಾ ನಿಲ್ಲುತ್ತಾಳೆ. ಕಾಲ್ಬೆರಳ ತುದಿಯಿಂದ ಕಲ್ಲನ್ನು ಒತ್ತಿ ನೋಡುತ್ತಾಳೆ. ಆಮೇಲೆ ಪೂರ್ತಿ ಪಾದ ಊರುತ್ತಾಳೆ. ಕೊನೆಯ ಬೊಟ್ಟು ಮುಟ್ಟುವಷ್ಟರಲ್ಲಿ ತಲೆಯಿಂದ ಕಾಲಿನವರೆಗೆ ತೊಯ್ದು, ಫೋಟೋ ತೆಗಿಯೇ ಎಂದು ಶಿರೀಷಾಳನ್ನು ಕೂಗುತ್ತಿದ್ದಾಳೆ.

ಪಂಚಾಯ್ತಿಯವರಿಂದ ಏನಾದರೂ ಬೇಕೇ ಎಂದು ಕೇಳಿದರೆ ಲಿಂಗಕ್ಕ ಮೆಟ್ಟಿಲಿನ ಕಡೆ ಕೈ ತೋರಿಸುತ್ತಾರೆ. “ಒಂದು ಬೋರ್ಡು ಬರೀಲಿ. ಸುಣ್ಣ ಇಲ್ದಾಗ ಇಳೀಬ್ಯಾಡ್ರಿ ಅಂತ. ತೆಲುಗಿನಾಗೂ ಬರೀಲಿ, ನಮ್ದರಾಗೂ ಬರೀಲಿ.”

ಮತ್ತೆ ಕಲ್ಲುಗಳ ಸಾಲನ್ನು ನೋಡುತ್ತಾರೆ. “ಮೂವತ್ತೊಂದೂ ಹಿಡದಾವು,” ಎನ್ನುತ್ತಾರೆ, ಕೋಲನ್ನು ಡಬ್ಬಿಯೊಳಗೆ ಇಳಿಸುತ್ತಾ. “ಸಂಜೀಕ ಒರಸ್ತೀನಿ.”