ಮೊಸರನ್ನದ ಡಬ್ಬಿ ಮತ್ತು ಒಂದೇ ಒಂದು ರನ್

ಬಸ್ಸು ಯೇವಲೆ ದಾಟಿದ ಮೇಲೆ ಕೆಟ್ಟು ನಿಲ್ಲಬಹುದಿತ್ತು. ಇಗತಪುರಿಯಲ್ಲಿ ಸುರಿಯುತ್ತಿದ್ದ ಮಳೆ ನಮ್ಮ ಬೆನ್ನು ಹತ್ತಬಹುದಿತ್ತು. ಇದ್ದ ನಾಲ್ಕೇ ಚೆಂಡುಗಳು ಬೇಲಿಯಾಚೆ ಬಿದ್ದು ಕಳೆಯಬಹುದಿತ್ತು. ಚೆಂಡೆಸೆಯುವವನ ಉಗುರು ಸೀಳಬಹುದಿತ್ತು. ಸ್ಕೋರ್ ಬರೆಯುವವನು ನಾನು. ನನ್ನ ಪೆನ್ನು ಕೈಕೊಡಬಹುದಿತ್ತು. ಅದಕ್ಕೇ ಮೂರು ಪೆನ್ನು ಇಟ್ಟುಕೊಂಡಿದ್ದೆ. ಮೂರೂ ಒಟ್ಟಿಗೆ ಸೋರಿದರೆ ಎಂದು ಒಂದು ಪೆನ್ಸಿಲನ್ನೂ. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ತಂಡಕ್ಕೆಂದು ಹೆಂಡತಿ ಕಟ್ಟಿಕೊಟ್ಟ ಮೊಸರನ್ನ ಹುಳಿಯಾಗಬಹುದಿತ್ತು.

“ಹುಳಿ ಆಗೂದಿಲ್ರಿ, ಹಾಲು ಹಾಕಿ ಕಲಸೇನಿ,” ಎಂದಿದ್ದಳು. “ಗಳಿಗಿಗೊಮ್ಮೆ ಡಬ್ಬಿ ತಗದು ಮೂಸಬ್ಯಾಡ್ರಿ ಮತ್ತ.”

ಅದು ಎಂಬತ್ತರ ದಶಕದ ಕೊನೆ. ನಾಸಿಕದ ನಮ್ಮ ಕಾರ್ಖಾನೆಯ ಸಾಹೇಬರು ತರಬೇತಿಗೆಂದು ಜಪಾನಿಗೆ ಹೋದವರು ಬೇಸ್‌ಬಾಲ್ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಆಡುವುದಕ್ಕೆಂದೇ ಸಂಬಳ ಕೊಟ್ಟು ಕೆಲವರನ್ನು ಇಟ್ಟುಕೊಂಡಿದ್ದರು, ಎಲ್ಲರೂ ತಾತ್ಕಾಲಿಕ. ಚೆಂಡೆಸೆಯುವವನು ಗದಗಿನವನು. ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಸಂಭಾಜಿನಗರದ ತಂಡವನ್ನು ಅವರದೇ ಚಿಕಲಠಾಣಾ ಮೈದಾನದಲ್ಲಿ ಸೋಲಿಸಿದರೆ ಅವನ ನೌಕರಿ ಕಾಯಂ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಕಾಯಂ ಆದರೆ ಕ್ವಾರ್ಟರ್ಸ್. ಕ್ವಾರ್ಟರ್ಸ್ ಸಿಕ್ಕರೆ, ಮದುವೆಯಾಗಿ ಎರಡು ವರ್ಷವಾದರೂ ತವರಿನಲ್ಲೇ ಇದ್ದ ಹೆಂಡತಿಯನ್ನು ಕರೆತರಬಹುದು. ಸೋತರೆ ಏನೆಂದು ಅವನು ಯೋಚಿಸಿರಲಿಲ್ಲ. ಅವನ ಪರವಾಗಿ ನಾನು ಯೋಚಿಸುತ್ತಿದ್ದೆ.

“ಸರ, ನೀವು ನನ್ನ ಕಡೆ ನೋಡಬ್ಯಾಡ್ರಿ,” ಎಂದ ಅವನು ಮೈದಾನಕ್ಕಿಳಿಯುವ ಮುಂಚೆ. “ನಿಮ್ಮ ಮಾರಿ ನೋಡಿದ್ರ ಚೆಂಡು ಎತ್ತಾಗರೆ ಹೋಗ್ತದ.”

ಆಟ ಸರಳ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಬಡಿದು ಓಡುತ್ತಾನೆ. ಮೂರು ಮೂಲೆ ಮುಟ್ಟಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಅಂದು ಎಂಟು ಸರದಿ ಮುಗಿದರೂ ಯಾರೂ ಮರಳಲಿಲ್ಲ. ಎರಡೂ ಕಡೆಯವರು ಬಂದರು, ಬೀಸಿದರು, ಹೋದರು. ನಾನು ಸೊನ್ನೆ ಬರೆದೆ. ಬಿಸಿಲೇರಿದಂತೆ ಮೈದಾನದ ಅಂಚು ನೀರಿನ ಹಾಗೆ ಅಲುಗತೊಡಗಿತು. ದೂರದಲ್ಲಿ ನಿಂತ ಆಟಗಾರರು ಆ ನೀರಿನಲ್ಲಿ ಮೊಣಕಾಲುದ್ದ ಮುಳುಗಿದ್ದರು. ಪಕ್ಕದ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನವೊಂದರ ನೆರಳು ಎಲ್ಲರ ಮೈಮೇಲೆ ಮೆಲ್ಲಗೆ ಹಾದುಹೋಯಿತು. ಎಲ್ಲರೂ ಕತ್ತೆತ್ತಿ ನಿಂತರು. ಅದು ಮರೆಯಾದ ಮೇಲೂ ಯಾರಿಗೂ ಆಟದ ನೆನಪಾದಂತೆ ಕಾಣಲಿಲ್ಲ. ನನ್ನ ಪುಸ್ತಕದಲ್ಲಿ ಸೊನ್ನೆಗಳು ಸಾಲಾಗಿ ಕೂತಿದ್ದವು, ತಂತಿಯ ಮೇಲಿನ ಹಕ್ಕಿಗಳಂತೆ.

ಒಂಬತ್ತನೆಯದು ಕೊನೆಯ ಸರದಿ. ನಮ್ಮ ಗದಗಿನವನು ಚೆಂಡನ್ನು ದೂರ ಬಡಿದು ಮೂರನೇ ಮೂಲೆಯವರೆಗೆ ಓಡಿ ನಿಂತ. ಮುಂದಿನವನ ಹೊಡೆತ ಬಿದ್ದರೆ ಅವನು ಮರಳಬಹುದು. ಅವನ ಕಡೆ ನೋಡುವಂತಿರಲಿಲ್ಲ; ನೋಡುವ ಧೈರ್ಯವೂ ಇರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಮೂಗು ಒಳಗಿಟ್ಟೆ. ಒಗ್ಗರಣೆ, ಶುಂಠಿ, ತಣ್ಣನೆಯ ಹಾಲು. ಚೂರೂ ಹುಳಿಯಾಗಿರಲಿಲ್ಲ.

ಜನ ಕೂಗಿದರು. ತಲೆಯೆತ್ತಿದಾಗ ಎದುರಿಗೆ ಬರೀ ಧೂಳು.

“ಲಿಹಾ ಸಾಹೇಬ್, ಏಕ್,” ಎಂದರು ಪಕ್ಕದಲ್ಲಿ ಕೂತು ಸ್ಕೋರ್ ಬರೆಯುತ್ತಿದ್ದ ಎದುರು ತಂಡದ ಹಿರಿಯರು, ಬೇಸರದಿಂದ. ಅವರ ಮಾತು ನಂಬಿ ಒಂದು ಎಂದು ಬರೆದೆ.

ಆಮೇಲೆ ಅವನು ಅವರ ಕೊನೆಯ ಮೂವರನ್ನೂ ಸೊನ್ನೆಗೇ ಕಳಿಸಿದ. ಬಸ್ಸು ಕೆಡಲಿಲ್ಲ, ಮಳೆ ಬರಲಿಲ್ಲ, ಪೆನ್ಸಿಲ್ ಕೆತ್ತಲೇ ಇಲ್ಲ. ದೀಪಾವಳಿ ಹೊತ್ತಿಗೆ ಕಾಯಂ ಆರ್ಡರ್ ಬಂತು, ಕ್ವಾರ್ಟರ್ಸ್ ಸಿಕ್ಕಿತು. ಅವನ ಹೆಂಡತಿ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದವಳು, ಬಾಗಿಲಲ್ಲೇ ನಿಂತು ಕೇಳಿದಳು:

“ಇವ್ರು ಓಡಿ ಬಂದದ್ದು ಹೆಂಗಿತ್ರಿ ಅಣ್ಣಾರ? ಕೇಳಿದ್ರ ನಗ್ತಾರ, ಹೇಳಂಗಿಲ್ಲ. ಬರಕೊಂಡವ್ರು ನೀವs ಅಂತ.”

ಒಳಗಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಧೂಳು ಹೇಗೆದ್ದಿತೆಂದು ಬಹಳ ಹೊತ್ತು ವರ್ಣಿಸಿದೆ. ನಾನು ನೋಡಿದ್ದು ಅಷ್ಟೇ.